ಬಳ್ಳಾರಿ ಬಿಸಿಲು, ಅಣ್ಣನ ಹಳೇ ಲ್ಯಾಪ್‌ಟಾಪು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್ ನಮಸ್ಕಾರ. ನಾನು ಬಳ್ಳಾರಿಯಾಗ ಎಂಎಸ್ಸಿ ಕಂಪ್ಯೂಟರ್ ಸೈನ್ಸ್ ಮೊದಲ ವರ್ಷ, ಊರು ಸಿರುಗುಪ್ಪ ಕಡೆ. ಕೌಲ್ ಬಜಾರ್ ಹತ್ರ ಮೂರು ಮಂದಿ ಸೇರಿ ರೂಮ್ ಮಾಡೀವಿ. ಬೆಳಿಗ್ಗೆ ವಗ್ಗರಣಿ ಮಿರ್ಚಿ ತಿಂದು ಕ್ಲಾಸಿಗೆ ಹೋದ್ರ ಸಂಜಿಗೆ ಬರೋದು, ಬಂದು ಲ್ಯಾಪ್‌ಟಾಪ್ ಮುಂದ ಕೂತ್ರ ರಾತ್ರಿ ಒಂದು ಗಂಟೆ, ಪ್ರೋಗ್ರಾಮ್ ಬರೆಯೋ ಹುಚ್ಚು ಸರ್. ಲ್ಯಾಪ್‌ಟಾಪು ಅಣ್ಣಂದು, ಆರನೇ ಜನರೇಶನ್ ಐ3, 4 ಜಿಬಿ ರ‍್ಯಾಮು, 500 ಜಿಬಿ ಹಾರ್ಡ್ ಡಿಸ್ಕು. ಆನ್ ಮಾಡಿ ಸ್ನಾನ ಮಾಡ್ಕೊಂಡು ಬಂದ್ರೂ ಇನ್ನೂ ಚಕ್ರ ತಿರುಗ್ತಾ ಇರ್ತೈತಿ. ರಜಾ ದಿನ ಮಧ್ಯಾಹ್ನ ಕೂತ್ರಂತೂ ರೈಸ್ ಮಿಲ್ ಹಂಗ ಸದ್ದು ಮಾಡಿ ತಾನೇ ಆಫ್ ಆಗಿಬಿಡ್ತೈತಿ. ರಿಪೇರಿ ಅಂಗಡಿಯವ್ರು ಮದರ್‌ಬೋರ್ಡ್ ಹೋಗೈತಿ, ಹೊಸಾದು ತಗೋ ಅಂದ್ರು. ಭತ್ತದ ರೊಕ್ಕ ಇನ್ನೂ ಕೈಗೆ ಬಂದಿಲ್ಲ, ಅಪ್ಪನ್ನ ಕೇಳಾಕ ಮನಸಿಲ್ಲ. ವಿಂಡೋಸ್ 10ಕ್ಕ ಅಪ್‌ಡೇಟ್ ಬೇರೆ ನಿಂತೈತಿ ಅಂತಾರ. ವಿಂಡೋಸ್ ಬದಲು ಲಿನಕ್ಸ್ ಹಾಕ್ಲಾ? ಹಾಕಿದ್ರ ಕನ್ನಡ ಟೈಪಿಂಗ್ ಹೆಂಗ?

ಉತ್ತರ: ತಮ್ಮಾ, ಮೊದ್ಲು ಅಪ್ಪಗ ಫೋನ್ ಹಚ್ಚೋ ವಿಚಾರ ಬಿಡು. ರಾತ್ರಿ ಒಂದು ಗಂಟೆವರೆಗೂ ಓಡೋ ಮಿಷನ್ನು ಬರೀ ಮಧ್ಯಾಹ್ನ ಆಫ್ ಆಗ್ತೈತಿ ಅಂದ್ರ ಮದರ್‌ಬೋರ್ಡ್ ಮ್ಯಾಲೆ ಯಾಕ ಅನುಮಾನ? ಅದಕ್ಕ ಉಸಿರು ಕಟ್ಟೈತಿ, ಅಷ್ಟ. ಪ್ರೊಸೆಸರ್ ಬಿಸಿ 100 ಡಿಗ್ರಿ ಹತ್ರ ಬಂತಂದ್ರ ಮೊದ್ಲು ತನ್ನ ಸ್ಪೀಡ್ ತಾನೇ ಇಳಿಸ್ಕೊಂತೈತಿ, ಅದಕ್ಕೂ ಬಗ್ಗಲಿಲ್ಲ ಅಂದ್ರ ಸುಟ್ಟು ಹೋಗಬಾರದು ಅಂತ ಇಡೀ ಮಿಷನ್ ಬಂದ್ ಮಾಡ್ತೈತಿ. ನಮ್ಮಲ್ಲಿ ಇರೋದು ಎರಡೇ ಕಾಲ, ಬ್ಯಾಸಿಗಿ ಮತ್ತ ಕಡು ಬ್ಯಾಸಿಗಿ ಅಂತ ಮಂದಿ ನಗ್ತಾರಲ್ಲ, ರೂಮಿನ ಗಾಳಿನೇ 40 ಡಿಗ್ರಿ ಇದ್ರ ಆ ಸಣ್ಣ ಫ್ಯಾನು ಎಲ್ಲಿಂದ ತಂಪು ತರಬೇಕು.

ಹಿಂದಿನ ಮುಚ್ಚಳ ಬಿಚ್ಚು. ಫ್ಯಾನು ಗಾಳಿ ಹೊರಗ ಹಾಕೋ ಕಡೆ ತೆಳ್ಳಗ ಬಾಚಣಿಗಿ ಹಲ್ಲಿನಂಗ ಲೋಹದ ಪಟ್ಟಿ ಇರ್ತಾವ, ಆ ಪಟ್ಟಿಗೂ ಫ್ಯಾನಿಗೂ ನಡುವ ನೋಡು. ನಮ್ಮ ಕಡೆ ಲ್ಯಾಪ್‌ಟಾಪ್ ಬಿಚ್ಚಿದಾಗೆಲ್ಲ ನಾ ಕಂಡಿದ್ದು ಒಂದೇ, ಕೆಂಪು ಧೂಳು, ಕೂದಲು, ಹಾಸಿಗಿ ಹತ್ತಿ ಎಲ್ಲಾ ಸೇರಿ ಕಂಬಳಿ ಚೂರಿನಂಗ ಒತ್ತಾಗಿ ಕೂತಿರ್ತೈತಿ, ಚಿಮಟದಿಂದ ಹಿಡಿದು ಎಳೆದ್ರ ಒಂದೇ ತುಂಡಾಗಿ ಬರ್ತೈತಿ. ಅದಿರು ಲಾರಿ ಓಡಾಡೋ ಜಿಲ್ಲೆ, ಇಷ್ಟಾದ್ರೂ ಇರದಿದ್ರ ಹೆಂಗ. ಉಳಿದಿದ್ದನ್ನ ಮೆತ್ತನ ಬ್ರಷ್‌ನಿಂದ ತೆಗಿ, ಫ್ಯಾನು ತಿರುಗದಂಗ ಬೆರಳಿಂದ ಹಿಡ್ಕೊ. ಪಂಕ್ಚರ್ ಅಂಗಡಿ ಕಂಪ್ರೆಸರ್ ಮಾತ್ರ ಹಚ್ಚಬ್ಯಾಡ, ಅದರ ಗಾಳ್ಯಾಗ ನೀರಿನ ಹನಿ ಇರ್ತಾವ. ಪ್ರೊಸೆಸರ್ ಬಿಸಿಯನ್ನ ಹೊರಗ ದಾಟಿಸೋ, ಅದರ ಮ್ಯಾಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿ ಆಗಿರ್ತೈತಿ, ಹಳೇದು ಒರೆಸಿ ಹೊಸಾದು ಹಚ್ಚು, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು ಸಾಕು, ದ್ವಾಸಿ ಹಿಟ್ಟಿನಂಗ ಸವರಬ್ಯಾಡ. ಮತ್ತ ಹಾಸಿಗಿ ಮ್ಯಾಲೆ ಇಟ್ಕೊಂಡು ಕೂಡ್ತಿರಬೇಕಲ್ಲ ನೀನು, ಕೆಳಗಿನ ತೂತೆಲ್ಲ ಮುಚ್ಚಿ ಹೋಗ್ತಾವ. ಪರೀಕ್ಷೆ ಪ್ಯಾಡ್ ಇದ್ರ ಅಡಿಗೆ ಇಡು.

ಇನ್ನ ಆನ್ ಆಗಾಕ ಸ್ನಾನದಷ್ಟು ಹೊತ್ತು ಹಿಡಿಯೋದು, ಅದು ಹಾರ್ಡ್ ಡಿಸ್ಕಿನ ಕಥಿ. ಒಳಗ ತಟ್ಟೆಯಂಥ ಬಿಲ್ಲಿ ತಿರುಗ್ತೈತಿ, ಲ್ಯಾಪ್‌ಟಾಪಿನ್ಯಾಗ ಸಾಮಾನ್ಯವಾಗಿ ನಿಮಿಷಕ್ಕ 5400 ಸುತ್ತು, ಸಣ್ಣ ಸಣ್ಣ ಸಾವಿರಾರು ಫೈಲು ಹುಡುಕ್ಕೊಂಡು ಮುಳ್ಳು ಅತ್ಲಾಗ ಇತ್ಲಾಗ ಓಡಬೇಕು. ಅದನ್ನ ತೆಗೆದು ಅದೇ ಜಾಗಕ್ಕ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕು, ಅದರಾಗ ತಿರುಗೋದು ಏನೂ ಇಲ್ಲ, ಸಿರುಗುಪ್ಪ ಬಸ್ಸಿನ್ಯಾಗ ಎಷ್ಟು ಕುಲುಕಿದ್ರೂ ಚಿಂತಿಲ್ಲ. ಹಳೇ ಡಿಸ್ಕು ಸೆಕೆಂಡಿಗೆ 100 ಎಂಬಿ ಆಸುಪಾಸು ಓದಿದ್ರ ಇದು 500 ಹತ್ರ ಓದ್ತೈತಿ. ರ‍್ಯಾಮು ಇನ್ನೊಂದು 4 ಜಿಬಿ ಹಾಕಾಕ ಜಾಗ ಇದ್ರ ಹಾಕು, ಆದ್ರ ಕೊಳ್ಳೋಕಿಂತ ಮುಂಚೆ ಹಳೇ ರ‍್ಯಾಮಿನ ಚೀಟಿ ಓದು, ಆರನೇ ಜನರೇಶನ್ನಿನ್ಯಾಗ ಕೆಲವಕ್ಕ ಡಿಡಿಆರ್3ಎಲ್ಲು ಕೆಲವಕ್ಕ ಡಿಡಿಆರ್4, ತಪ್ಪಿ ತಂದ್ರ ಸ್ಲಾಟಿನ್ಯಾಗ ಕೂಡಂಗಿಲ್ಲ.

ವಿಂಡೋಸ್ 10ರ ಮಾತು ಖರೆ, 2025ರ ಅಕ್ಟೋಬರ್ 14ಕ್ಕ ಮಾಮೂಲಿ ಸಪೋರ್ಟ್ ಮುಗೀತು. ವಿಂಡೋಸ್ 11 ಹಾಕಬಹುದಾದ ಪ್ರೊಸೆಸರುಗಳ ಪಟ್ಟಿಯೊಳಗ ನಿಂದು ಇಲ್ಲ. ಹಂಗಾಗಿ ಲಿನಕ್ಸ್ ಹಾಕೇ ಹಾಕು, ಲಿನಕ್ಸ್ ಮಿಂಟ್‌ನ ಹಗುರಾದ ಎಕ್ಸ್‌ಎಫ್‌ಸಿಇ ಆವೃತ್ತಿಗೆ 4 ಜಿಬಿ ರ‍್ಯಾಮು ಸಾಕು. ಲಿನಸ್ ಟೊರ್ವಾಲ್ಡ್ಸ್ 1991ರಾಗ ಇದನ್ನ ಶುರು ಮಾಡಿದಾಗ ಹೆಲ್ಸಿಂಕಿ ಯೂನಿವರ್ಸಿಟಿ ಸ್ಟೂಡೆಂಟು, 21 ವಯಸ್ಸು, ನಿನ್ನ ವಾರಗಿಯವನೇ. ಮೊದ್ಲು ಇನ್‌ಸ್ಟಾಲ್ ಮಾಡದ ಪೆನ್‌ಡ್ರೈವಿನಿಂದಲೇ ಲೈವ್ ಓಡಿಸಿ ವೈಫೈ, ಸೌಂಡು ಬರ್ತಾವಾ ನೋಡು. ಬ್ಯಾಕಪ್ ತಗೊಳ್ಳದ ಇನ್‌ಸ್ಟಾಲ್ ಬಟನ್ ಮುಟ್ಟಬ್ಯಾಡ. ಇದು ಉಪದೇಶ ಅಲ್ಲ ಮಾರಾಯ, ನಾನು ಓದುವಾಗ ರೂಮ್‌ಮೇಟ್ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕ್ತೀನಿ ಅಂತ ಕೂತು ಅವನ ಡಿ ಡ್ರೈವ್ ಪೂರ್ತಿ ಅಳಿಸಿದ್ದೆ, ಅದರಾಗ ಅವನ ತಂಗಿ ಮದುವಿ ಫೋಟೋ ಇದ್ವು. ಅವ ಈಗಲೂ ಫೋನ್ ಮಾಡಿದಾಗ ಅಲ್ಲಿಂದಲೇ ಶುರು ಮಾಡ್ತಾನ.

ಕನ್ನಡಕ್ಕ ಕೀಬೋರ್ಡ್ ಸೆಟ್ಟಿಂಗಿನ್ಯಾಗ ಕಗಪ ವಿನ್ಯಾಸ ಸೇರಿಸ್ಕೊ. ಕಂಪ್ಯೂಟರಿನ್ಯಾಗ ಕನ್ನಡ ಟೈಪಿಂಗಿಗೆ ದಾರಿ ಹಾಕಿದ ಕೆ.ಪಿ. ರಾವ್ ಅವರ ವಿನ್ಯಾಸದ ದಾರಿನೇ ಅದು, ನುಡಿ ಸಾಫ್ಟ್‌ವೇರಿನ್ಯಾಗ ಕೈ ಕುಂತವ್ರಿಗೆ ಹೊಸದಾಗಿ ಕಲಿಯೋದು ಏನಿಲ್ಲ, ಒತ್ತಕ್ಷರಕ್ಕ ಎಫ್ ಒತ್ತೋದು ಇಲ್ಲೂ ಹಂಗೇ. ತೊಡಕು ಬರೋದು ಹಳೇ ನುಡಿ ಫಾಂಟಿನ ಫೈಲುಗಳದ್ದು. ಅವು ಎಲ್ಲಾ ಕಂಪ್ಯೂಟರಿಗೂ ತಿಳಿಯೋ ಯೂನಿಕೋಡ್ ಅಲ್ಲ, ಫಾಂಟ್ ಇಲ್ಲಾಂದ್ರ ಇಂಗ್ಲಿಷ್ ಅಕ್ಷರದ ಕಸ ಕಾಣ್ತೈತಿ, ಹಂಗಿದ್ದುವನ್ನ ಕನ್ವರ್ಟರಿನಿಂದ ಯೂನಿಕೋಡಿಗೆ ಬದಲಿಸ್ಕೊ.

ಪ್ರಶ್ನೆ: ಸರ್, ಮ್ಯಾಲಿನ ಪತ್ರ ಬರೆದವನ ರೂಮ್‌ಮೇಟ್ ನಾನು. ರಾತ್ರಿ ಒಂದರವರೆಗೂ ಕೀಬೋರ್ಡ್ ಟಕಟಕ, ನಾನು ಬಿಎಡ್, ಬೆಳಿಗ್ಗೆ ಬೇಗ ಏಳಬೇಕು. ಏನ್ ಮಾಡ್ಲಿ?

ಉತ್ತರ: ಮಧ್ಯಾಹ್ನ ಆಫ್ ಆಗೋದು ನಿಂತ್ರ ರಜಾ ದಿನದ ಕೆಲಸ ಆದ್ರೂ ಹಗಲೇ ಮುಗೀತೈತಿ, ಅದಕ್ಕ ಆ ಧೂಳು ತೆಗಿಯಾಕ ನೀನೂ ಕೂಡು. ಬಿಚ್ಚಿದ ಸ್ಕ್ರೂ ಎಲ್ಲಾ ಒಂದು ಹಾಳಿ ಮ್ಯಾಲೆ ಅದು ಇದ್ದ ಜಾಗದಂಗೇ ಜೋಡಿಸಿಡು, ಉದ್ದಂದು ಗಿಡ್ಡಂದು ಅದಲು ಬದಲು ಆದ್ರ ಬೋರ್ಡಿಗೇ ತೂತು ಬೀಳಬಹುದು. ಮತ್ತ ಆ ಹೊತ್ತು ರೂಮಿನ ಫ್ಯಾನ್ ಹಚ್ಚಬ್ಯಾಡ್ರಿ.

ಪ್ರಶ್ನೆ: ನಾವು ಕೊಪ್ಪಳದವ್ರು. ಕಾಲೇಜಿಗೆ ಹೋಗೋ ಮಗ ಕರೀ ಪರದೆ ಮ್ಯಾಲೆ ಬಿಳೀ ಅಕ್ಷರ ಬರೀತಾ ಕೂತಿರ್ತಾನ. ಇದು ಹ್ಯಾಕಿಂಗ್ ಏನ್ರಿ? ಪೊಲೀಸ್ ಗಿಲೀಸ್ ಬಂದಾರು ಅಂತ ಮನೆಯವಳಿಗೆ ನಿದ್ದಿಲ್ಲ.

ಉತ್ತರ: ಯಜಮಾನ್ರೇ, ಅದಕ್ಕ ಟರ್ಮಿನಲ್ ಅಂತಾರ, ಮೌಸ್ ಬಿಟ್ಟು ಬರೆದು ಹೇಳಿ ಕೆಲಸ ಮಾಡ್ಸೋದು. ಇವತ್ತು ರಾತ್ರಿ ಪಕ್ಕದಾಗ ಕೂತು ಡಿ, ಎ, ಟಿ, ಇ ಹೊಡೆದು ಎಂಟರ್ ಒತ್ತಪಾ ಅನ್ರಿ, ಇವತ್ತಿನ ತಾರೀಖು ಬರ್ತೈತಿ. ಅದಕ್ಕ ಯಾವ ಪೊಲೀಸೂ ಬರಂಗಿಲ್ಲ, ಅಮ್ಮಾರಿಗೂ ತೋರಿಸ್ರಿ.