ಕೊನೆಯ ದೃಶ್ಯ ಬಿಡಿ, ನಡುವೆ ಏನು ಕತ್ತರಿಸಿದರು ನೋಡಿ

ಪ್ರಿಯರೇ, ನಮಸ್ಕಾರ.

ನಿಮ್ಮ ‘ಸಕ್ಕರೆ ಸವರಿದ ಸಿನಿಮಾಗಳು’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಇದನ್ನು ಕೊನೆಯವರೆಗೆ ಎಳೆಯುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಹಾಗಂತ ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳುವಂಥ ಬರಹವೂ ಅದಲ್ಲ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದ.

ನಿಮ್ಮ ವಾದ ಇಷ್ಟು. ಕಷ್ಟ ಗೆದ್ದವರ ಕತೆ ಹೇಳುವ ಸಿನಿಮಾಗಳಲ್ಲಿ ಎರಡು ಬಗೆ. ಕೊನೆಗೆ ಚಪ್ಪಾಳೆ ಬಿದ್ದರೆ ಸುಳ್ಳು, ಕೊನೆಗೆ ಕಣ್ಣೀರು ಬಂದರೆ ನಿಜ. ಹದಿನಾಲ್ಕು ಸಿನಿಮಾಗಳನ್ನು ಈ ಎರಡು ಬುಟ್ಟಿಗೆ ಹಂಚಿದ್ದೀರಿ. ಬಹುಪಾಲು ಸಿನಿಮಾಗಳಿಗೆ ನಾಲ್ಕು ಸಾಲು ಕತೆ, ಒಂದು ಸಾಲು ತೀರ್ಪು. ಹಂಚಿ ಮುಗಿಯುವ ಹೊತ್ತಿಗೆ ಲೇಖನವೂ ಮುಗಿದಿದೆ.

ತೊಂದರೆ ಇರುವುದು ಈ ಅಳತೆಯಲ್ಲೇ. ಕಷ್ಟ ಗೆದ್ದವರು ಲೋಕದಲ್ಲಿ ನಿಜಕ್ಕೂ ಇದ್ದಾರೆ, ಅವರ ಕತೆ ಹೇಳುವುದು ಸುಳ್ಳು ಹೇಗಾದೀತು? ಇನ್ನು ಅಳಿಸುವ ಸಿನಿಮಾಗಳ ಮಾತು. ಯಾವ ನಿಮಿಷಕ್ಕೆ ಯಾರನ್ನು ಸಾಯಿಸಬೇಕು, ಎಲ್ಲಿ ಪಿಟೀಲು ನುಡಿಸಬೇಕು ಅಂತ ಲೆಕ್ಕ ಹಾಕಿ ಮಾಡಿದವು ಅಲ್ಲಿ ಬೇಕಾದಷ್ಟಿವೆ. ನಿಮ್ಮ ‘ನಿಜ’ದ ಬುಟ್ಟಿಯಲ್ಲೇ ಅಂಥವು ಮೂರು ಸಿಕ್ಕವು.

‘ರಾಕಿ’ಯನ್ನೇ ತಗೊಳ್ಳಿ. ‘ಹೆಸರಿಲ್ಲದ ಬಾಕ್ಸರ್ ವಿಶ್ವ ಚಾಂಪಿಯನ್ನನ್ನೇ ಸೋಲಿಸುವ ಅಸಾಧ್ಯ ಕತೆ’ ಅಂತ ಬರೆದಿದ್ದೀರಿ. 1976ರ ಆ ಸಿನಿಮಾದಲ್ಲಿ ರಾಕಿ ಸೋಲುತ್ತಾನೆ. ತೀರ್ಪುಗಾರರ ಮತ ಒಡೆದು, ಅಂಕಗಳ ಮೇಲೆ ಸೋಲುತ್ತಾನೆ. ಕೊನೆಯ ಸುತ್ತಿನವರೆಗೆ ನಿಂತೇ ಇರಬೇಕು ಅನ್ನುವುದಷ್ಟೇ ಅವನ ಆಸೆ. ಅದು ಈಡೇರುತ್ತದೆ, ಪಟ್ಟ ಸಿಗುವುದಿಲ್ಲ. ಅವನು ಚಾಂಪಿಯನ್ ಆಗುವುದು 1979ರಲ್ಲಿ ಬಂದ ಎರಡನೇ ಭಾಗದಲ್ಲಿ. ನೋಡದೆ ಬರೆದಿರಿ ಅಂತ ನಾನು ದೂರುತ್ತಿಲ್ಲ. ನೋಡಿದವರಲ್ಲೂ ಎಷ್ಟೋ ಜನರಿಗೆ ಅವನು ಗೆದ್ದ ಹಾಗೇ ನೆನಪು. ಸಕ್ಕರೆ ಹಾಕುವ ಕೆಲಸವನ್ನು ನಿರ್ದೇಶಕರು ಬಿಟ್ಟರೂ ನಮ್ಮ ನೆನಪು ಬಿಡುವುದಿಲ್ಲ, ಅಲ್ವಾ? ಇದು ಬೇರೆಯೇ ಲೇಖನದ ವಿಷಯ. ಸದ್ಯಕ್ಕೆ ಆ ಸಾಲು ತಿದ್ದಿ.

‘ಎ ಬ್ಯೂಟಿಫುಲ್ ಮೈಂಡ್’ಗೆ ನೀವು ಕೊಟ್ಟದ್ದು ಎರಡೇ ಸಾಲು. ‘ಪ್ರೀತಿಯಿಂದ ಕಾಯಿಲೆ ಗೆದ್ದ ಕಟ್ಟುಕತೆ’ ಅಂದಿದ್ದೀರಿ. ಸಿಟ್ಟು ಸರಿಯಾಗಿಯೇ ಇದೆ, ಆದರೆ ಅದರ ಬೆನ್ನು ಹತ್ತಿ ಹೋಗಿಲ್ಲ. ಹೋಗಿದ್ದರೆ ನಿಮ್ಮ ಲೇಖನ ಅಲ್ಲೇ ಸಿಗುತ್ತಿತ್ತು. ಜಾನ್ ನ್ಯಾಷ್ ನಿಜವಾಗಿ ಇದ್ದ ಗಣಿತಜ್ಞ. ಸ್ಕಿಜೋಫ್ರೇನಿಯಾ ಅನ್ನುವ ಮನೋರೋಗದಿಂದ ವರ್ಷಗಟ್ಟಲೆ ನರಳಿದವರು. 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. 2001ರ ಸಿನಿಮಾದಲ್ಲಿ ಹೆಂಡತಿ ಅಲಿಸಿಯಾ ಎಲ್ಲವನ್ನೂ ಸಹಿಸಿಕೊಂಡು ಜೊತೆಯಲ್ಲೇ ಉಳಿಯುತ್ತಾಳೆ. ಕೊನೆಗೆ ನೊಬೆಲ್ ವೇದಿಕೆಯ ಮೇಲೆ ನಿಂತು ಅವನು ಅವಳನ್ನು ನೆನೆಯುತ್ತಾನೆ, ಸಭೆ ಎದ್ದು ನಿಲ್ಲುತ್ತದೆ. ಅಂಥ ಭಾಷಣ ನಡೆದೇ ಇಲ್ಲ. ಅಲಿಸಿಯಾ 1963ರಲ್ಲೇ ವಿಚ್ಛೇದನ ಪಡೆದಿದ್ದರು. 1970ರಲ್ಲಿ ಆ ಮಾಜಿ ಗಂಡನಿಗೆ ತಮ್ಮ ಮನೆಯಲ್ಲಿ ಇರಲು ಜಾಗ ಕೊಟ್ಟರು. ಆಗಲೂ ಗಂಡ ಹೆಂಡತಿಯಾಗಿ ಅಲ್ಲ, ಮನೆಯಲ್ಲಿ ಇನ್ನೊಬ್ಬ ಇದ್ದ ಹಾಗೆ. ಮತ್ತೆ ಮದುವೆಯಾದದ್ದು 2001ರಲ್ಲಿ.

ಈ ವಿಚ್ಛೇದನವನ್ನು ಕತ್ತರಿಸಿ ಎಸೆದದ್ದರಿಂದ ಸಿನಿಮಾಕ್ಕೆ ಸಿಕ್ಕಿದ್ದೇನು? ಒಬ್ಬ ಸಹನಾಮೂರ್ತಿ ಹೆಂಡತಿ. ಅಂಥವಳನ್ನು ನಾವು ಸಾವಿರ ಸಲ ನೋಡಿದ್ದೇವೆ. ಕಳೆದುಕೊಂಡದ್ದು? ಇನ್ನು ನನ್ನಿಂದ ಆಗುವುದಿಲ್ಲ ಅಂತ ಹೊರಟುಹೋದ ಹೆಂಗಸು. ಏಳು ವರ್ಷದ ಮೇಲೆ, ಯಾವ ಕಟ್ಟುಪಾಡೂ ಇಲ್ಲದಿದ್ದಾಗ, ಅದೇ ಮನುಷ್ಯನಿಗೆ ಬಾಗಿಲು ತೆಗೆದ ಹೆಂಗಸು. ಸಿಹಿ ಮಾಡಲು ಹೋಗಿ ಕತೆಯನ್ನೇ ಸಣ್ಣದು ಮಾಡಿಬಿಟ್ಟರು. ‘ಕಟ್ಟುಕತೆ’ ಅಂತ ಬೈದರೆ ಓದುಗನಿಗೆ ಇದು ತಿಳಿಯುವುದಿಲ್ಲ. ಅಲ್ಲಿ ಏನಿತ್ತು, ಅದನ್ನು ತೆಗೆದು ಏನಿಟ್ಟರು ಅಂತ ತೋರಿಸಬೇಕು.

ಅದೇ ಸಿನಿಮಾದಲ್ಲಿ ಇನ್ನೊಂದು ಸುಳ್ಳಿದೆ. ಹೊಸ ಔಷಧಿಗಳನ್ನು ತೆಗೆದುಕೊಳ್ಳುತ್ತಿದ್ದೇನೆ ಅಂತ ತೆರೆಯ ಮೇಲಿನ ನ್ಯಾಷ್ ಹೇಳುತ್ತಾನೆ. ನಿಜದ ನ್ಯಾಷ್ 1970ರ ಮೇಲೆ ಔಷಧಿ ಮುಟ್ಟಲಿಲ್ಲ. ಸಿನಿಮಾ ನೋಡಿದ ರೋಗಿಗಳು ಔಷಧಿ ಬಿಟ್ಟುಬಿಟ್ಟಾರು ಅನ್ನುವ ಭಯದಿಂದ ಚಿತ್ರಕತೆ ಬರೆದವರು ಹಾಗೆ ಮಾಡಿರಬೇಕು ಅಂತ ನ್ಯಾಷ್ ಅವರೇ ಹೇಳಿದ್ದುಂಟು. ಈ ಸುಳ್ಳಿನ ಮೇಲೆ ನನಗೆ ಅಷ್ಟಾಗಿ ಕೋಪ ಬರುವುದಿಲ್ಲ. ವಿಚ್ಛೇದನ ಮುಚ್ಚಿಟ್ಟದ್ದರ ಮೇಲೆ ಬರುತ್ತದೆ. ನಿಮಗೆ ಉಲ್ಟಾ ಅನ್ನಿಸಬಹುದು, ಅನ್ನಿಸಲಿ. ಆದರೆ ಯಾಕೆ ಅಂತ ಬರೆಯಿರಿ. ನಿಮ್ಮ ಇಡೀ ಲೇಖನದಲ್ಲಿ ನೀವು ಒಂದು ಸಲವೂ ಹೀಗೆ ತಡೆದು ನಿಂತಿಲ್ಲ, ಎಲ್ಲ ತೀರ್ಪೂ ಮೊದಲೇ ಬರೆದಿಟ್ಟ ಹಾಗಿದೆ.

ನೀವು ಯೋಚಿಸದೇ ಇರುವ ಇನ್ನೊಂದು ಸಂಗತಿ ಹೇಳುತ್ತೇನೆ. ಕಷ್ಟವನ್ನು ಇದ್ದದ್ದಕ್ಕಿಂತ ಜಾಸ್ತಿ ಮಾಡುವುದೂ ಸಕ್ಕರೆಯೇ. 2006ರ ‘ದಿ ಪರ್ಸ್ಯೂಟ್ ಆಫ್ ಹ್ಯಾಪಿನೆಸ್’ ನಿಮ್ಮ ಪಟ್ಟಿಯಲ್ಲಿದೆ. ಮನೆಯಿಲ್ಲದೆ ಮಗನನ್ನು ಕಟ್ಟಿಕೊಂಡು ಅಲೆದು, ಕೊನೆಗೆ ಷೇರು ವ್ಯಾಪಾರದಲ್ಲಿ ನೆಲೆ ಕಂಡ ಕ್ರಿಸ್ ಗಾರ್ಡ್ನರ್ ಅವರ ಕತೆ. ಸಿನಿಮಾದಲ್ಲಿ ಅವನ ತರಬೇತಿಗೆ ಬಿಡಿಗಾಸೂ ಇಲ್ಲ. ನಿಜದಲ್ಲಿ ಅವರಿಗೆ ಸಣ್ಣದೊಂದು ಸ್ಟೈಪೆಂಡ್ ಬರುತ್ತಿತ್ತು. ಸಿನಿಮಾದ ಮಗನಿಗೆ ಐದು ವರ್ಷ, ಚೂಟಿಯಾಗಿ ಮಾತಾಡುತ್ತಾನೆ. ನಿಜದ ಮಗ ಇನ್ನೂ ಡೈಪರ್ ಬಿಡದ ಕೂಸು. ಮಗನ ವಯಸ್ಸು ಬದಲಿಸಿದ್ದು ನನಗೆ ಅರ್ಥವಾಗುತ್ತದೆ, ಕೂಸಿನ ಕೈಲಿ ಸಂಭಾಷಣೆ ಹೇಳಿಸಲು ಆಗುವುದಿಲ್ಲ. ಸ್ಟೈಪೆಂಡ್ ಮಾಯ ಮಾಡಿದ್ದು ಹಾಗಲ್ಲ. ಕೈಗೆ ದುಡ್ಡು ಬರುತ್ತಿದ್ದರೂ ತಲೆ ಮೇಲೆ ಸೂರಿಲ್ಲ ಅಂದರೆ ನೋಡುವವರು ಬಾಡಿಗೆಯ ಬಗ್ಗೆ, ಮಗುವನ್ನು ನೋಡಿಕೊಳ್ಳುವ ಖರ್ಚಿನ ಬಗ್ಗೆ ಯೋಚಿಸಲು ಶುರುಮಾಡುತ್ತಾರೆ. ದುಡ್ಡೇ ಇಲ್ಲ ಅಂದಾಗ ಅವನ ಛಲ ಒಂದೇ ಕಣ್ಣಿಗೆ ಬೀಳುತ್ತದೆ. ಎಲ್ಲ ಛಲದ ಮೇಲೇ ನಿಂತಿದೆ ಅಂತಾದ ಮೇಲೆ, ಗೆಲ್ಲದವನಿಗೆ ಛಲ ಸಾಲಲಿಲ್ಲ ಅಂತಲೇ ಅರ್ಥ. ಇಂಥ ಸಿನಿಮಾಗಳ ಮೇಲೆ ನನ್ನ ದೊಡ್ಡ ತಕರಾರು ಇದು. ನೀವು ಇದರ ಹತ್ತಿರ ಬಂದು, ‘ಅತಿರಂಜಿತ’ ಅಂತ ಒಂದು ಪದ ಬರೆದು, ದಾಟಿಕೊಂಡು ಹೋಗಿದ್ದೀರಿ.

‘ತಬರನ ಕಥೆ’ಯನ್ನು ನಿಜದ ಬುಟ್ಟಿಗೆ ಹಾಕಿದ್ದೀರಿ. ಒಪ್ಪಿದೆ. ಕೊಟ್ಟ ಕಾರಣ ಮಾತ್ರ ‘ಕಣ್ಣೀರು ನಿಲ್ಲಲಿಲ್ಲ’. ತೇಜಸ್ವಿಯವರ ಕತೆಯಿಂದ ಕಾಸರವಳ್ಳಿ ಮಾಡಿದ ಆ ಸಿನಿಮಾದಲ್ಲಿ ತಬರ ಪಿಂಚಣಿಗಾಗಿ ಅಲೆಯುತ್ತಾನೆ. ಕಾಗದಗಳು ಮೇಜಿನಿಂದ ಮೇಜಿಗೆ ಹೋಗುತ್ತವೆ. ಅತ್ತ ಹೆಂಡತಿಯ ಕಾಲಿನ ಗಾಯ ಕೊಳೆಯುತ್ತದೆ. ಹಣ ಬರುವ ಹೊತ್ತಿಗೆ ಅವಳಿಲ್ಲ. ಕಾಯುವುದನ್ನು ಕಾಯುವುದಾಗಿಯೇ ತೋರಿಸಿದ್ದು ಅದರ ದೊಡ್ಡತನ. ಕಷ್ಟ ಅಂದರೆ ಬಹುಪಾಲು ಅದೇ ಅಲ್ವಾ? ನಾಳೆ ಬನ್ನಿ, ಸಾಹೇಬರಿಲ್ಲ, ಇನ್ನೊಂದು ಸಹಿ ಬೇಕು. ಇದನ್ನು ತೆರೆಗೆ ತರುವುದು ಕಷ್ಟ, ಜನಕ್ಕೆ ಬೇಜಾರಾಗುತ್ತದೆ. ಅದಕ್ಕೇ ನಮ್ಮಲ್ಲಿ ಒಂದು ಹಾಡು ಶುರುವಾಗಿ ಮುಗಿಯುವಷ್ಟರಲ್ಲಿ ಬಡವ ಶ್ರೀಮಂತನಾಗಿರುತ್ತಾನೆ. (ಆ ಹಾಡುಗಳು ನನಗೂ ಇಷ್ಟ, ಅದು ಬೇರೆ ಮಾತು.) ಆ ಹಾಡಿನೊಳಗೆ ಎಷ್ಟು ವರ್ಷ ನುಂಗಿ ಹಾಕಿದರು, ಆ ವರ್ಷಗಳಲ್ಲಿ ಮನೆ ನಡೆಸಿದ್ದು ಯಾರು ಅಂತ ನೀವು ಕೇಳಬೇಕಿತ್ತು.

ಕೇಳಲು ಶುರುಮಾಡಿದ್ದೀರಿ ಕೂಡ. ಐದನೇ ಪುಟದಲ್ಲಿ ಒಂದು ಸಾಲಿದೆ: ‘ನಾಯಕನಿಗೆ ಸಾಲ ಕೊಟ್ಟವರು ಕೊನೆಯ ದೃಶ್ಯದಲ್ಲಿ ಇರುವುದೇ ಇಲ್ಲ.’ ಇದನ್ನು ಓದಿ ಪೆನ್ನು ಕೆಳಗಿಟ್ಟೆ. ನಿಮ್ಮ ಲೇಖನ ಇದು. ಸಾಲ ಕೊಟ್ಟವನು, ಮಗುವನ್ನು ನೋಡಿಕೊಂಡ ನೆರೆಯವಳು, ಓದು ಬಿಟ್ಟು ಕೆಲಸಕ್ಕೆ ಹೋದ ತಂಗಿ. ಇವರೆಲ್ಲ ಯಾವ ರೀಲಿನಲ್ಲಿ ಕಾಣೆಯಾದರು? ಯಾವ ಸಿನಿಮಾ ಇವರನ್ನು ಕೊನೆವರೆಗೆ ಇಟ್ಟುಕೊಂಡಿತು? ಈ ಪ್ರಶ್ನೆ ಹಿಡಿದು ಹೊರಟರೆ ಗೆದ್ದ ಕತೆ, ಸೋತ ಕತೆ ಅನ್ನುವ ಗೊಡವೆಯೇ ಬೇಕಾಗುವುದಿಲ್ಲ.

ಭಾಷೆಯ ಬಗ್ಗೆ ಜಾಸ್ತಿ ಹೇಳಲಾರೆ. ‘ಜೀವನವೆಂಬ ಕುರುಕ್ಷೇತ್ರ’ದ ಮೊದಲ ಪುಟ ಪೂರ್ತಿ ಹೊಡೆದುಹಾಕಿ. ‘ಪ್ರತಿಯೊಬ್ಬರೂ ನೋಡಲೇಬೇಕಾದ’ ಅನ್ನುವುದು ಐದು ಕಡೆ ಇದೆ, ಒಂದೂ ಬೇಡ. ಸಕ್ಕರೆಯ ವಿರುದ್ಧ ಹನ್ನೊಂದು ಪುಟ ಬರೆದು ‘ಕತ್ತಲು ಕಳೆದು ಬೆಳಕು ಬಂದೇ ಬರುತ್ತದೆ’ ಅಂತ ಮುಗಿಸಿದ್ದನ್ನು ನೋಡಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ.

ಹದಿನಾಲ್ಕರಲ್ಲಿ ಮೂರು ಸಿನಿಮಾ ಸಾಕು. ಮೂರನ್ನೂ ಇನ್ನೊಮ್ಮೆ ನೋಡಿ, ನೆನಪಿನಿಂದ ಬರೆಯಬೇಡಿ. ನಿಜ ಘಟನೆಯ ಮೇಲೆ ಮಾಡಿದ್ದು ಒಂದಾದರೂ ಇರಲಿ, ಆಗ ಹೋಲಿಸಿ ನೋಡಲು ಕೈಯಲ್ಲಿ ಏನಾದರೂ ಇರುತ್ತದೆ. 1,200 ಪದ ಮೀರದಿರಲಿ. ಪೋಸ್ಟರ್ ಚಿತ್ರಗಳನ್ನು ಕಳಿಸುವುದು ಬೇಡ, ಹಕ್ಕಿನ ತೊಂದರೆ ಬರುತ್ತದೆ. ಗಡುವು ಏನಿಲ್ಲ, ಆದಾಗ ಕಳಿಸಿ.

ಇಂತಿ,
ಸಂಪಾದಕ