ಗೋಳಗುಮ್ಮಟದ ಮೇಲೆ ಅರೋರಾ ಸಿಕ್ಕೀತೇ?

ಪ್ರಶ್ನೆ: ಸರ್, 2024ರ ಮೇ ತಿಂಗಳಲ್ಲಿ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿರುವ ನಮ್ಮ ಅಳಿಯ ಆಕಾಶ ಕೆಂಪಾದ ಫೋಟೊ ಕಳಿಸಿದ್ದರು. ಅದೇ ರಾತ್ರಿ ಲಡಾಖ್‌ನಲ್ಲೂ ಅರೋರಾ, ಅಂದರೆ ಧ್ರುವಗಳ ಕಡೆ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು, ಕಂಡಿತ್ತು ಅಂತ ಪೇಪರಿನಲ್ಲಿ ಓದಿದೆ. ಮುಂದಿನ ಸಲ ಸೌರ ಬಿರುಗಾಳಿ ಬಂದಾಗ ಮಾಳಿಗೆ ಮೇಲೆ ಕ್ಯಾಮೆರಾ ಇಟ್ಟರೆ ನಮಗೂ ಸಿಗಬಹುದಾ? ಗೋಳಗುಮ್ಮಟ ಫ್ರೇಮಿನಲ್ಲಿ ಬರಬೇಕು ಅಂತ ಮಗ ಈಗಲೇ ಜಾಗ ನೋಡಿ ಬಂದಿದ್ದಾನೆ.
– ಓದುಗರು, ವಿಜಯಪುರ

ಉತ್ತರ: ಮಗನ ಉತ್ಸಾಹಕ್ಕೆ ತಣ್ಣೀರೆರಚಲು ಬೇಜಾರು. ಆದರೆ 2024ರಂಥ ಬಿರುಗಾಳಿ ಮತ್ತೆ ಬಂದರೂ ವಿಜಯಪುರದಲ್ಲಿ ಸಿಗುವುದಿಲ್ಲ.

ನಕಾಶೆ ನೋಡಿದರೆ ನಿಮ್ಮ ಲೆಕ್ಕ ಸರಿ ಅನ್ನಿಸುತ್ತದೆ. ಡಲ್ಲಾಸ್ ಮತ್ತು ಲಡಾಖ್‌ನ ಹಾನ್ಲೆ ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಸುಮಾರು 32.8 ಡಿಗ್ರಿ ಉತ್ತರ. ಆದರೆ ಅರೋರಾಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅದು ಭೂಮಿಯ ಕಾಂತಕ್ಷೇತ್ರದ ಮಾತು ಕೇಳುತ್ತದೆ. ಆ ಕಾಂತಕ್ಷೇತ್ರದ ಅಕ್ಷದ ಉತ್ತರ ತುದಿ ಉತ್ತರ ಅಮೆರಿಕದ ಕಡೆ ವಾಲಿದೆ. ಹಾಗಾಗಿ ಕಾಂತೀಯ ಲೆಕ್ಕದಲ್ಲಿ ಡಲ್ಲಾಸ್ ಸುಮಾರು 41 ಡಿಗ್ರಿ ಉತ್ತರದಲ್ಲಿದ್ದರೆ, ಹಾನ್ಲೆ ಬರೀ 24ರ ಆಸುಪಾಸು. ವಿಜಯಪುರ ಇನ್ನೂ ಕೆಳಗೆ, ಸುಮಾರು 9. ಕಾಂತೀಯ ಸಮಭಾಜಕ ನಮ್ಮ ದೇಶದ ದಕ್ಷಿಣ ತುದಿಯಲ್ಲೇ ಹಾದುಹೋಗುತ್ತದೆ. 1963ರಲ್ಲಿ ತಿರುವನಂತಪುರದ ಹತ್ತಿರ ತುಂಬಾದಲ್ಲಿ ರಾಕೆಟ್ ಕೇಂದ್ರ ಮಾಡಿದ್ದೇ ಈ ಕಾರಣಕ್ಕೆ. ಅರೋರಾದ ಮಟ್ಟಿಗೆ ನಾವು ತೀರಾ ತಪ್ಪು ಊರಿನಲ್ಲಿದ್ದೇವೆ.

ದೂರದಿಂದಾದರೂ ಕಾಣಬಾರದೇ ಅಂತ ಕೇಳಬಹುದು. ಒಳ್ಳೆ ಪ್ರಶ್ನೆ. ಎಲ್ಲರೂ ಫೋಟೊದಲ್ಲಿ ನೋಡುವ ಹಸಿರು ಬೆಳಕು ಸುಮಾರು 100ರಿಂದ 150 ಕಿ.ಮೀ. ಎತ್ತರದ್ದು. ಕೆಂಪು ಅದಕ್ಕಿಂತ ಮೇಲೆ, 200 ಕಿ.ಮೀ. ದಾಟಿದ ಮೇಲಿನದು. ಎರಡೂ ಆಮ್ಲಜನಕದ್ದೇ. 400 ಕಿ.ಮೀ. ಎತ್ತರದ ಬೆಳಕು ಸುಮಾರು 2,200 ಕಿ.ಮೀ. ದೂರದವರೆಗೆ ದಿಗಂತದಲ್ಲಿ ಕಾಣಬಹುದು. ದಕ್ಷಿಣದ ಊರುಗಳಲ್ಲಿ ಬರೀ ಕೆಂಪು ಕಾಣುವುದು ಇದಕ್ಕೇ, ಹಸಿರು ಭೂಮಿಯ ಬಾಗಿನ ಹಿಂದೆ ಮುಳುಗಿರುತ್ತದೆ. ವಿಜಯಪುರದಿಂದ ಹಾನ್ಲೆ ನೇರ ದೂರ ಸುಮಾರು 1,800 ಕಿ.ಮೀ. ಆಯಿತಲ್ಲ, ಕಾಣಬೇಕಿತ್ತಲ್ಲ? ಇಲ್ಲ. ಅಂದಿನ ಬೆಳಕು ಹಾನ್ಲೆಯ ನೆತ್ತಿಯ ಮೇಲಿರಲಿಲ್ಲ. ಅಲ್ಲಿಯವರಿಗೂ ಅದು ಉತ್ತರ ದಿಗಂತದಲ್ಲಿ ಕೆಳಗೇ ಕಂಡದ್ದು. ನಮಗೆ ಅದು ಪೂರ್ತಿ ನೆಲದಡಿ.

ಹಾಗಂತ ಎಂದೂ ಆಗದ ಮಾತು ಅಂತಲೂ ಹೇಳಲಾರೆ. 1872ರ ಫೆಬ್ರವರಿ 4ರ ರಾತ್ರಿ ಮುಂಬೈನಲ್ಲಿ ಅರೋರಾ ಕಂಡಿದ್ದು ಆಗಿನ ಪತ್ರಿಕೆಯಲ್ಲೇ ವರದಿಯಾಗಿದೆ. ವಿಜಯಪುರದಿಂದ ಮುಂಬೈ ಎಷ್ಟು ದೂರ ಹೇಳಿ! ಅದಕ್ಕೂ ಮೊದಲು, 1859ರ ಸೆಪ್ಟೆಂಬರ್ ಬಿರುಗಾಳಿಯನ್ನು ಮುಂಬೈನ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕ ದಾಖಲಿಸಿತ್ತು. ಜಗತ್ತಿನ ವಿಜ್ಞಾನಿಗಳು ಇಂದಿಗೂ ಆ ದಾಖಲೆ ತೆಗೆದು ನೋಡುತ್ತಾರೆ. ಮುಂದೆ ಮುಂಬೈಗೆ ಎಲೆಕ್ಟ್ರಿಕ್ ಟ್ರಾಮ್ ಬಂದು ಅಳತೆ ಕೆಡುತ್ತದೆ ಅಂತ ಆ ಕೆಲಸವನ್ನು ಅಲಿಬಾಗ್‌ಗೆ ಸಾಗಿಸಿದರು. 1872ರಂಥದ್ದು ಮತ್ತೆ ಬಂದರೆ ನಿಮ್ಮ ಮಾಳಿಗೆಗೂ ಕೆಲಸ ಬಂದೀತು. ಆದರೆ ಅಂಥ ದಿನ ಕರೆಂಟ್ ಮತ್ತು ಸ್ಯಾಟಲೈಟ್‌ಗಳ ಗತಿ ಏನಾದೀತು ಅನ್ನುವುದೇ ದೊಡ್ಡ ಚಿಂತೆ.

ಪ್ರಶ್ನೆ: ನಾನು ಬೆಳಗಾವಿಯ ಕಾಲೇಜು ವಿದ್ಯಾರ್ಥಿ. ಜೂನ್‌ನಲ್ಲಿ ಗೆಳೆಯರ ಜೊತೆ ಬೈಕ್‌ನಲ್ಲಿ ಲಡಾಖ್‌ಗೆ ಹೊರಟಿದ್ದೇವೆ. ಹಾನ್ಲೆಯಲ್ಲಿ ಎರಡು ರಾತ್ರಿ ಇರುತ್ತೇವೆ. ಅರೋರಾ ಸಿಕ್ಕರೆ ಯಾವ ಸೆಟ್ಟಿಂಗ್ ಇಡಬೇಕು? ನಾರ್ವೆಯವರ ವಿಡಿಯೊಗಳನ್ನು ನೋಡಿದ್ದೇನೆ.

ಉತ್ತರ: ಮೊದಲು ಆ ವಿಡಿಯೊಗಳನ್ನು ಪಕ್ಕಕ್ಕಿಡಿ. ನಾರ್ವೆಯಲ್ಲಿ ಹಸಿರು ಬೆಳಕು ತಲೆಯ ಮೇಲೆ ಕುಣಿಯುತ್ತದೆ. ಶಟರ್ ಜಾಸ್ತಿ ಹೊತ್ತು ತೆರೆದರೆ ಎಲ್ಲ ಕಲಸಿಹೋಗುತ್ತದೆ, ಅದಕ್ಕೇ ಅವರು ಎರಡರಿಂದ ಐದು ಸೆಕೆಂಡ್ ಅನ್ನುತ್ತಾರೆ. ಹಾನ್ಲೆಯಲ್ಲಿ ಸಿಗುವುದು ಮಂದವಾದ, ಹರಡಿಕೊಂಡ ಕೆಂಪು. ಅದು ಗಡಿಬಿಡಿ ಮಾಡುವುದಿಲ್ಲ. 14ರಿಂದ 24 ಎಂಎಂ ಲೆನ್ಸ್, ಅಪರ್ಚರ್ ಎಫ್ 2.8 ಅಥವಾ ಇನ್ನೂ ಅಗಲ, ಐಎಸ್ಒ 3200, ಶಟರ್ 15ರಿಂದ 20 ಸೆಕೆಂಡ್. ಇಲ್ಲಿಂದ ಶುರುಮಾಡಿ. ಫೈಲ್ ರಾ ರೂಪದಲ್ಲೇ ಇರಲಿ. ವೈಟ್ ಬ್ಯಾಲೆನ್ಸ್ ಆಟೊದಲ್ಲಿ ಬೇಡವೇ ಬೇಡ, ಅದು ಕೆಂಪನ್ನು ದೋಷ ಅಂತ ತಿಳಿದು ತಿದ್ದಿಬಿಡಬಹುದು. 4000 ಕೆಲ್ವಿನ್ ಹತ್ತಿರ ನಿಲ್ಲಿಸಿ.

ಫೋಕಸ್ ಮಾತ್ರ ಬೆಳಗಾವಿಯಲ್ಲೇ ಕಲಿತು ಹೋಗಿ. ಲೈವ್ ವ್ಯೂನಲ್ಲಿ ಒಂದು ಹೊಳೆಯುವ ನಕ್ಷತ್ರವನ್ನು ದೊಡ್ಡದು ಮಾಡಿ, ಅದು ಅತಿ ಚಿಕ್ಕ ಚುಕ್ಕಿಯಾಗುವವರೆಗೆ ರಿಂಗ್ ತಿರುಗಿಸಿ, ಮೇಲೆ ಟೇಪ್ ಅಂಟಿಸಿ. ಚಳಿಯಲ್ಲಿ ಬೆರಳು ಮರಗಟ್ಟಿದಾಗ ಇದನ್ನು ಕಲಿಯಲು ಆಗುವುದಿಲ್ಲ. ಫೋನ್ ಇದ್ದರೂ ಚಿಂತೆಯಿಲ್ಲ. ಟ್ರೈಪಾಡ್ ಮೇಲೆ ಇಟ್ಟು ನೈಟ್ ಮೋಡ್ ಹಾಕಿ.

ಇನ್ನೊಂದು ಮಾತು. ಕಣ್ಣಿಗೆ ಏನೂ ಕಾಣದಿದ್ದರೂ ಫೋಟೊ ತೆಗೆಯಿರಿ. ಕತ್ತಲಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಈ ಕೆಂಪು ಹತ್ತುವುದೇ ಇಲ್ಲ ಅನ್ನಬಹುದು. 2024ರ ಮೇ 10ರ ನಡುರಾತ್ರಿಯ ಬಳಿಕ ಹಾನ್ಲೆಯ ಬೆಳಕನ್ನು ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಕ್ಯಾಮೆರಾಗಳು ಹಿಡಿದವು. ಆಗ ಅಮಾವಾಸ್ಯೆ ಕಳೆದು ಎರಡು ದಿನವಷ್ಟೇ ಆಗಿತ್ತು, ಚಂದ್ರನ ಕಾಟ ಇರಲಿಲ್ಲ. ಉತ್ತರಕ್ಕೆ ಗುಡ್ಡ ಅಡ್ಡ ಬರದ ಜಾಗವನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ.

ಆದರೆ ಎರಡೇ ರಾತ್ರಿ ನಂಬಿ ಅರೋರಾಕ್ಕಾಗಿ ಹೋಗಬೇಡಿ. ಬಿರುಗಾಳಿ ಬರಬಹುದು ಅನ್ನುವ ಸುದ್ದಿ ಒಂದೆರಡು ದಿನ ಮೊದಲು ಸಿಗುತ್ತದೆ. ಖಚಿತವಾಗುವುದು 15 ಲಕ್ಷ ಕಿ.ಮೀ. ದೂರದ ಉಪಗ್ರಹಗಳು ಅಳೆದ ಮೇಲೆ, ಅಂದರೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ. ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಅಂತ ಹೇಳುವ ಕೆಪಿ ಸೂಚ್ಯಂಕ 0ಯಿಂದ 9ರವರೆಗೆ ಇರುತ್ತದೆ. 5 ಬಂತು ಅಂತ ಆ್ಯಪ್ ಕೂಗಿದರೆ ನಾರ್ವೆಯವರು ಹೊರಗೆ ಓಡಲಿ, ನೀವು ಆರಾಮಾಗಿ ಮಲಗಿ. 8, 9 ಅಂದರೆ ಏಳಿ. ಉಳಿದ ರಾತ್ರಿಗೆ ಆಕಾಶಗಂಗೆ ಇದ್ದೇ ಇದೆ, ಜೂನ್‌ನಲ್ಲಿ ಅದರ ನಡುಭಾಗ ಚೆನ್ನಾಗಿ ಕಾಣುತ್ತದೆ. ಹಾನ್ಲೆ ಡಾರ್ಕ್ ಸ್ಕೈ ರಿಸರ್ವ್, ಅಂದರೆ ರಾತ್ರಿಯ ಕತ್ತಲನ್ನು ಕಾಪಾಡುವ ಪ್ರದೇಶ, ಆಗಿರುವುದರಿಂದ ಹೆಡ್‌ಲೈಟ್ ಹಾಕಿಕೊಂಡು ರಾತ್ರಿ ಓಡಾಡಿದರೆ ಅಲ್ಲಿಯವರು ಬೈಯುತ್ತಾರೆ, ಬೈಯಲೇಬೇಕು. ಎತ್ತರ 4,000 ಮೀಟರ್ ದಾಟುತ್ತದೆ. ಲೇಹ್‌ನಲ್ಲಿ ಎರಡು ದಿನ ಸುಮ್ನೆ ಕೂತು ಮೈ ಒಗ್ಗಿಸಿಕೊಂಡೇ ಹೋಗಿ. ಬ್ಯಾಟರಿಗಳನ್ನು ಜಾಕೆಟ್ ಒಳಗೆ ಇಟ್ಟುಕೊಳ್ಳಿ.

ಪ್ರಶ್ನೆ: ಜನವರಿಯಲ್ಲಿ ಮುಧೋಳದ ಹತ್ತಿರ ನಮ್ಮ ಹೊಲದಿಂದ ತೆಗೆದ ಫೋಟೊ ಕಳಿಸಿದ್ದೇನೆ. ಉತ್ತರಕ್ಕೆ ಕೇಸರಿ ಕೆಂಪು ಕಾಣುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಎಲ್ಲರೂ ಅರೋರಾ ಅನ್ನುತ್ತಿದ್ದಾರೆ.
– ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ಫೋಟೊ ಚೆನ್ನಾಗಿದೆ, ಅರೋರಾ ಅಲ್ಲ. ಜನವರಿ ಅಂದರೆ ಕಬ್ಬು ನುರಿಸುವ ಹಂಗಾಮು. ಕಾರ್ಖಾನೆಯ ದೀಪ, ಎಲ್ಲೋ ರವದಿಗೆ (ಕಬ್ಬಿನ ಒಣ ಎಲೆಗೆ) ಹಚ್ಚಿದ ಬೆಂಕಿ, ಮೇಲೆ ತೆಳು ಮೋಡ ಮತ್ತು ಹೊಗೆ. ಇಷ್ಟು ಸಾಕು. ನಿಮ್ಮ ಫೋಟೊದಲ್ಲಿ ಕೆಂಪು ಇರುವ ಕಡೆ ನಕ್ಷತ್ರಗಳೇ ಇಲ್ಲ, ನೋಡಿ. ಅರೋರಾ ಆಗಿದ್ದರೆ ಅದರ ಮೂಲಕವೇ ನಕ್ಷತ್ರ ಮಿನುಗುತ್ತಿದ್ದವು, ಮೋಡವಾದರೆ ಮುಚ್ಚಿಬಿಡುತ್ತದೆ. ಹೊಳಪು ನೆಲದ ಒಂದೇ ಕಡೆಯಿಂದ ಎದ್ದಿದೆ, ಅದೂ ಊರಿನ ಬೆಳಕಿನ ಲಕ್ಷಣ. ಅನುಮಾನ ಇನ್ನೂ ಇದ್ದರೆ ಹಂಗಾಮು ಮುಗಿದ ಮೇಲೆ, ಅಮಾವಾಸ್ಯೆಯ ಆಸುಪಾಸಿನ ತಿಳಿ ಆಕಾಶದಲ್ಲಿ, ಅದೇ ಜಾಗದಿಂದ ಅದೇ ಸೆಟ್ಟಿಂಗ್‌ನಲ್ಲಿ ಮತ್ತೊಂದು ಫೋಟೊ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.