ನಕ್ಷೆಯ ಮೇಲೆ ಸ್ಕೇಲು ಇಡಬೇಡಿ

ಪ್ರಶ್ನೆ: ಮಗಳ ಮನೆಗೆಂದು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದೇವೆ. ದೂರ ಒಂದು ಕಡೆ 14,000 ಎಂದಿದೆ, ಇನ್ನೊಂದು ಕಡೆ 8,700, ಮತ್ತೊಂದು ಕಡೆ 7,550. ಯಾವುದು ಸರಿ? ಉತ್ತರ ಧ್ರುವದ ಮೇಲೆ ಹೋದರೆ ದೂರ ಕಡಿಮೆ, ಬೇಗ ತಲುಪುತ್ತೀರಿ ಎನ್ನುತ್ತಾರೆ ಏಜೆಂಟರು. ಹೌದೇ?

ಉತ್ತರ: ಮೂರೂ ಸರಿ. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲಿ, ಮೂರನೆಯದು 1.852 ಕಿ.ಮೀ.ಗೆ ಸಮನಾದ ನಾಟಿಕಲ್ ಮೈಲಿ. ಅಂಕಿಯ ಪಕ್ಕದಲ್ಲಿ ಬರೆದಿರುವುದನ್ನೂ ಓದುವ ಅಭ್ಯಾಸ ಒಳ್ಳೆಯದು.

ಧ್ರುವದ ಮಾತು ಮಾತ್ರ ಅರೆಬೆಂದದ್ದು. ಗೋಳದ ಮೇಲೆ ಈ ಎರಡು ಊರುಗಳ ನಡುವಿನ ಕನಿಷ್ಠ ದೂರದ ಗೆರೆ ಧ್ರುವವನ್ನು ಮುಟ್ಟುವುದೇ ಇಲ್ಲ. ಸೈಬೀರಿಯಾದ ಈಶಾನ್ಯ ತೀರದ ಬಳಿ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ ಕೆಳಗಿಳಿಯುತ್ತದೆ. ಧ್ರುವವನ್ನೇ ದಾಟಿದರೆ ಮುನ್ನೂರೈವತ್ತು ಕಿ.ಮೀ.ಗಿಂತ ಹೆಚ್ಚು ಸುತ್ತು. ಗೋಡೆಯ ನಕ್ಷೆಯ ಮೇಲೆ ಸ್ಕೇಲಿಟ್ಟು ಪೆಸಿಫಿಕ್ ಮೇಲೆ ನೇರ ಗೆರೆ ಎಳೆಯುವವರಿಗೆ ಇದಕ್ಕಿಂತ ದೊಡ್ಡ ಪೆಟ್ಟು: ಆ ಗೆರೆಯ ಉದ್ದ ಸುಮಾರು 16,000 ಕಿ.ಮೀ.

ಹಾಗಾದರೆ 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಇದ್ದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಧ್ರುವದ ಮೇಲೆ ಬಂದದ್ದೇಕೆ? ಗಾಳಿಗಾಗಿ. ವಿಮಾನ ಹಾರುವ ಎತ್ತರದಲ್ಲಿ ಜೆಟ್ ಪ್ರವಾಹ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಅದರಲ್ಲಿಯೂ ಚಳಿಗಾಲದಲ್ಲಿ ಉತ್ತರ ಪೆಸಿಫಿಕ್ ಮೇಲೆ ಅದರ ಆರ್ಭಟ ಹೆಚ್ಚು. ಪಶ್ಚಿಮಕ್ಕೆ ಬರುವವರು ಅದನ್ನು ಎದುರಿಸುವ ಬದಲು ಉತ್ತರಕ್ಕೆ ಸರಿದುಕೊಳ್ಳುವುದು ಜಾಣತನ. ಗಂಟೆಗೆ 900 ಕಿ.ಮೀ. ವೇಗದ ವಿಮಾನಕ್ಕೆ ದಾರಿಯುದ್ದಕ್ಕೂ 100 ಕಿ.ಮೀ. ಎದುರುಗಾಳಿ ಸಿಕ್ಕರೆ 14,000 ಕಿ.ಮೀ.ಗೆ ಹದಿನೇಳೂವರೆ ಗಂಟೆ. ಅದೇ ಗಾಳಿ ಬೆನ್ನಿಗಿದ್ದರೆ ಹದಿನಾಲ್ಕು. 2016ರ ಅಕ್ಟೋಬರ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ದಾರಿ ಹಿಡಿದ ವಿಮಾನ ಸುಮಾರು 1,400 ಕಿ.ಮೀ. ಹೆಚ್ಚು ಹಾರಿಯೂ ಬೇಗ ಮುಟ್ಟಿತು. ನೀವು ಹೋಗುವಾಗಲೂ ಪೆಸಿಫಿಕ್ ಕಡೆಯಿಂದಲೇ ಲಾಭ. ನಿಮ್ಮ ಏಜೆಂಟರು ಹೇಳುವುದು, ಹೆಚ್ಚೆಂದರೆ, ವಾಪಸು ಪ್ರಯಾಣದ ಕಥೆ.

ಗಾಳಿ ದಿನದಿನಕ್ಕೂ ಬದಲಾಗುತ್ತದೆ, ದಾರಿಯೂ ಬದಲಾಗುತ್ತದೆ. ಆದ್ದರಿಂದ ವಿಮಾನ ಬದಲಿಸುವುದಿದ್ದರೆ ಒಂದು ಗಂಟೆಯ ಅಂತರವಿರುವ ಟಿಕೆಟ್ ಕೊಳ್ಳಬೇಡಿ. ನಾನಾದರೆ ಮೂರು ಗಂಟೆಗಿಂತ ಕಡಿಮೆ ಇದ್ದರೆ ಹತ್ತುವುದೇ ಇಲ್ಲ. ಅತಿ ಜಾಗ್ರತೆ ಎಂದು ಮನೆಯವರು ನಗುತ್ತಾರೆ, ನಗಲಿ.

ಪ್ರಶ್ನೆ: ಧ್ರುವದ ವಿಕಿರಣ ತಡೆಯಲು ತಾಮ್ರದ ಬಳೆ ಧರಿಸಬೇಕೇ?

ಉತ್ತರ: ಬಳೆ ಮಾರಿದವನಿಗೆ ಮಾತ್ರ ಅದರಿಂದ ಪ್ರಯೋಜನ. ಆಗಾಗ ಎದ್ದು ಓಡಾಡಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ.

ಪ್ರಶ್ನೆ: ವಿಮಾನ ಮೇಲೇರಿ ಸುಮ್ಮನೆ ನಿಂತರೆ, ಭೂಮಿ ತಿರುಗಿ ಅಮೆರಿಕವೇ ಕೆಳಗೆ ಬರುವುದಿಲ್ಲವೇ?

ಉತ್ತರ: ಇಲ್ಲ. ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ. ದಯವಿಟ್ಟು ಈ ಪ್ರಶ್ನೆಯನ್ನು ಮತ್ತೆ ಕಳುಹಿಸಬೇಡಿ.